ನದಿ ಕಾಣದ ಕಮಾನು

1933ರ ನವೆಂಬರ್‌ನಲ್ಲಿ ಚೀನಾದ ವಾಸ್ತು ಇತಿಹಾಸಕಾರ ಲಿಯಾಂಗ್ ಸಿಚೆಂಗ್ ಹೆಬೇ ಪ್ರಾಂತ್ಯದ ಝಾವೋಶಿಯಾನ್ ಎಂಬ ಊರಿಗೆ ಹೋದರು. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಜನರ ಬಾಯಲ್ಲಿ ಉಳಿದುಕೊಂಡಿದ್ದ ಒಂದು ಪಟ್ಟಿ. ಉತ್ತರ ಚೀನಾದ ಹಳ್ಳಿಗರು ತಮ್ಮ ಸೀಮೆಯ ನಾಲ್ಕು ಅದ್ಭುತಗಳನ್ನು ಬೆರಳು ಮಡಚಿ ಹೇಳುತ್ತಿದ್ದರು: ಒಂದು ಕಬ್ಬಿಣದ ಸಿಂಹ, ಒಂದು ಮರದ ಗೋಪುರ, ಒಂದು ಬೋಧಿಸತ್ತ್ವನ ಮೂರ್ತಿ, ಒಂದು ಕಲ್ಲಿನ ಸೇತುವೆ. ಆ ಸೇತುವೆ ಝಾವೋಝೌನದು; ಅದು ಝಾವೋಶಿಯಾನ್‌ನ ಹಳೆಯ ಹೆಸರು. ಲೂ ಬಾನ್ ಎಂಬ ಆದಿಶಿಲ್ಪಿ ಅದನ್ನು ಒಂದೇ ರಾತ್ರಿಯಲ್ಲಿ ಕಟ್ಟಿದನೆಂದೂ, ಕತ್ತೆ ಏರಿ ಬಂದ ದೈವಪುರುಷನೊಬ್ಬ ಅದರ ಬಲ ಪರೀಕ್ಷಿಸಿದಾಗ ಅವನು ನೀರಿಗಿಳಿದು ಕೈಯೊಡ್ಡಿ ಎತ್ತಿಹಿಡಿದನೆಂದೂ ಕತೆ. ನಮ್ಮಲ್ಲಿ ಚೆಂದದ ಗುಡಿಯೆಲ್ಲ ಜಕಣಾಚಾರಿಯ ಲೆಕ್ಕಕ್ಕೆ ಹೋಗುವ ಹಾಗೆಯೇ ಅಲ್ಲಿ ಚೆಂದದ್ದೆಲ್ಲ ಲೂ ಬಾನ್‌ನದು.

ಲಿಯಾಂಗ್ ಅಳತೆಪಟ್ಟಿ ಹಿಡಿದು ಇಳಿದಾಗ ಕತೆಯ ಹಿಂದಿನ ಮನುಷ್ಯ ಕಾಣಿಸಿದ. ಟಾಂಗ್ ಅರಸರ ಕಾಲದ ಅಧಿಕಾರಿ ಝಾಂಗ್ ಜಿಯಾಝೆನ್ ಬರೆದ ಶಾಸನದಲ್ಲಿ, ಇದು ಸುಯಿ ಕಾಲದ ಲೀ ಚುನ್ ಎಂಬ ಕುಶಲಕರ್ಮಿಯ ಕೆಲಸ ಎಂದಿತ್ತು. ಅಂದರೆ ಸುಮಾರು ಕ್ರಿ.ಶ. 595ರಿಂದ 605ರ ನಡುವಿನದು. ನಮ್ಮ ಕಡೆ ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬರುವುದಕ್ಕೂ ಮುಂಚಿನದು. ಒಂದೇ ನೆಗೆತದಲ್ಲಿ 37 ಮೀಟರ್ ದಾಟುವ ಆ ಕಮಾನಿನ ಏರು ಬರೀ 7 ಮೀಟರ್ ಚಿಲ್ಲರೆ. ಅರ್ಧ ವೃತ್ತದ ಕಮಾನು ಕಟ್ಟಿದ್ದರೆ ಅದೇ ಹರವಿಗೆ 18 ಮೀಟರ್‌ಗೂ ಹೆಚ್ಚು ಎತ್ತರ ಬೇಕಿತ್ತು, ಗಾಡಿ ಎತ್ತುಗಳು ಗುಡ್ಡ ಹತ್ತಿದಂತೆ ಹತ್ತಬೇಕಿತ್ತು. ಲೀ ಚುನ್ ವೃತ್ತದ ಒಂದು ತುಣುಕನ್ನಷ್ಟೇ ಬಳಸಿಕೊಂಡ. ಜೊತೆಗೆ, ದೊಡ್ಡ ಕಮಾನಿನ ಎರಡೂ ಹೆಗಲ ಮೇಲೆ ಎರಡೆರಡು ಚಿಕ್ಕ ಕಮಾನು ಕೊರೆದು ಭಾರ ಇಳಿಸಿದ. ಪ್ರವಾಹ ಉಕ್ಕಿದಾಗ ನೀರು ಆ ಕಿಂಡಿಗಳಲ್ಲೂ ಹರಿದು ಹೋಗುತ್ತದೆ.

ಲಿಯಾಂಗ್ ಈ ಸೇತುವೆಯನ್ನು ಅಳೆದು ಜಗತ್ತಿಗೆ ಪರಿಚಯಿಸಿದ ಅದೇ 1930ರ ದಶಕದಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲಿ ಒಂದು ಕಮಾನು ಬಿದ್ದುಹೋಯಿತು. ಅದೂ ವೃತ್ತದ ತುಣುಕಿನಂತೆ ಚಪ್ಪಟೆಯಾಗಿತ್ತು. ಅದರ ಹರವು 112 ಅಡಿ, ಅಂದರೆ 34 ಮೀಟರ್; ಲೀ ಚುನ್‌ನ ಕಮಾನಿಗಿಂತ ಮೂರೇ ಮೀಟರ್ ಕಡಿಮೆ. ಕಲ್ಲಿನದಲ್ಲ, ಇಟ್ಟಿಗೆ ಗಾರೆಯದು. ಅದರ ಕೆಳಗೆ ಯಾವ ನದಿಯೂ ಹರಿಯುತ್ತಿರಲಿಲ್ಲ. ಇಂಥದ್ದನ್ನು ಕಟ್ಟಲು ಸಾಧ್ಯ ಎಂದು ತೋರಿಸುವುದಕ್ಕಾಗಿಯೇ 1808ರಲ್ಲಿ ಒಣ ನೆಲದ ಮೇಲೆ ಎಬ್ಬಿಸಿದ ಕಮಾನು ಅದು. ಕಟ್ಟಿದವನ ಹೆಸರಿನಿಂದಲೇ ಅದನ್ನು ಡಿ ಹ್ಯಾವಿಲೆಂಡ್ ಕಮಾನು ಎಂದು ಕರೆದರು.

ಶ್ರೀರಂಗಪಟ್ಟಣಕ್ಕೆ ಹೋಗುವ ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿ ರಂಗನಾಥನ ಗುಡಿ, ದರಿಯಾ ದೌಲತ್, ಗುಂಬಜ್, ಸಂಗಮ ನೋಡಿಕೊಂಡು ಬರುತ್ತಾರೆ. ಈ ಕಮಾನಿನ ಹೆಸರು ಕೇಳಿದವರೇ ಅಪರೂಪ. ಇದು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು ಎನ್ನುವುದೇ ಈ ಬರಹಕ್ಕೆ ಕಾರಣ.

ಕತೆಯನ್ನು ತುಸು ಹಿಂದಿನಿಂದ ಹೇಳಬೇಕು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಕೋಟೆಯ ಬಾಗಿಲಲ್ಲಿ ಬಿದ್ದ ಮೇಲೆ ಮೈಸೂರಿನ ಗದ್ದುಗೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂತು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಶ್ರೀರಂಗಪಟ್ಟಣ ದ್ವೀಪವನ್ನು ಈಸ್ಟ್ ಇಂಡಿಯಾ ಕಂಪನಿ ತಾನೇ ಇಟ್ಟುಕೊಂಡು ಸೈನ್ಯ ಕೂರಿಸಿತು. ಸುತ್ತಲೂ ಕಾವೇರಿ. ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಹೆಜ್ಜೆ ಇಟ್ಟು ದಾಟಬಹುದಾದ ಹೊಳೆ ಆಷಾಢದಲ್ಲಿ ಹರಿಗೋಲನ್ನೂ ಬಿಡುವುದಿಲ್ಲ. ಈಗಿನಂತೆ ನೀರನ್ನು ತಡೆದು ನಿಲ್ಲಿಸಲು ಮೇಲೆ ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ. ಕೊಡಗಿನಲ್ಲಿ ಬಿದ್ದ ಮಳೆ ಅಡೆತಡೆಯಿಲ್ಲದೆ ನೇರ ಶ್ರೀರಂಗಪಟ್ಟಣದ ಗೋಡೆಗೆ ಬಂದು ಬಡಿಯುತ್ತಿತ್ತು.

ಪೂರ್ಣಯ್ಯನವರು ಉತ್ತರದ ಕವಲಿಗೆ ಒಂದು ಸೇತುವೆ ಕಟ್ಟಿಸಿದರು. ಅದು 1804ರಲ್ಲಿ ಮುಗಿಯಿತು. ಗವರ್ನರ್ ಜನರಲ್ ಆಗಿದ್ದ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಟ್ಟರು. ಹೆಸರು ಇಂಗ್ಲಿಷಿನದು, ಮೈಯೆಲ್ಲ ನಮ್ಮದು. ಕಿರಂಗೂರಿನ ಕಡೆಯಿಂದ ಬಂದು, ನೀರು ಇಳಿದಾಗ ಹೊಳೆಯ ಪಾತ್ರದಲ್ಲಿ ನಿಂತು ಅಡಿಯಿಂದ ನೋಡಿದರೆ ಅದು ಸೇತುವೆಗಿಂತ ಹೆಚ್ಚಾಗಿ ಮುಖಮಂಟಪದ ಹಾಗೆ ಕಾಣುತ್ತದೆ. ನಿಂತ ಕಲ್ಲುಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು. ಚಾಣದ ಗುರುತು ಉಳಿದ ಒರಟು ಕಂಬಗಳು, ಅವುಗಳ ನಡುವೆ ಸಿಕ್ಕಿಕೊಂಡ ಕಸಕಡ್ಡಿ, ಕಳೆದ ಪ್ರವಾಹ ಎಲ್ಲಿಯವರೆಗೆ ಏರಿತ್ತೆಂದು ಹೇಳುವ ಮಣ್ಣಿನ ಗೆರೆ. ಕಮಾನಿನ ಗುರುತೇ ಇಲ್ಲ. ಗುಡಿ ಕಟ್ಟುತ್ತಿದ್ದ ಕೈಗಳು ತಮಗೆ ಗೊತ್ತಿದ್ದ ರೀತಿಯಲ್ಲೇ ಹೊಳೆಗೂ ಒಂದು ಮಂಟಪ ಕಟ್ಟಿಕೊಟ್ಟವು.

ಈ ಸೀಮೆಯಲ್ಲಿ ಆ ವಿದ್ಯೆ ಬಹಳ ಹಳೆಯದು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ಗುಡಿಗೆ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರಕ್ಕೆ, ನಾಗಮಂಗಲದ ಸೌಮ್ಯಕೇಶವ ಗುಡಿಗೆ ಹೋಗಿ ಕತ್ತೆತ್ತಿ ನೋಡಿ. ಭುವನೇಶ್ವರಿ ಎಂದು ಕರೆಯುವ ಆ ಗುಮ್ಮಟದಂಥ ಛಾವಣಿಗಳು ನಿಜವಾಗಿ ಗುಮ್ಮಟಗಳಲ್ಲ. ಒಂದು ಸುತ್ತು ಕಲ್ಲಿನ ಮೇಲೆ ಇನ್ನೊಂದು ಸುತ್ತು ಕಲ್ಲು ತುಸು ಒಳಗೆ ಚಾಚಿ, ಅದರ ಮೇಲೆ ಮತ್ತೊಂದು ಇನ್ನಷ್ಟು ಚಾಚಿ, ಕೊನೆಗೆ ನಡುವಿನ ಕಿಂಡಿಯನ್ನು ತೂಗುವ ಮೊಗ್ಗಿನಂಥ ಕಲ್ಲಿನಿಂದ ಮುಚ್ಚಿದ್ದಾರೆ. ಪ್ರತಿ ಕಲ್ಲೂ ಅಡ್ಡಡ್ಡ ಮಲಗಿದೆ. ಪಕ್ಕದ ಕಲ್ಲನ್ನು ನೂಕುವ ಪ್ರಶ್ನೆಯೇ ಇಲ್ಲ, ಭಾರವೆಲ್ಲ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ. ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗೂ ಹತ್ತೊಂಬತ್ತನೆಯ ಶತಮಾನದ ಸೇತುವೆ ಕಟ್ಟಿದವನಿಗೂ ಅದೇ ನಂಬಿಕೆ: ಕಲ್ಲು ಕಲ್ಲಿನ ಮೇಲೆ ಕೂರಬೇಕು, ಅಷ್ಟೆ.

ಹೊಳೆ ದಾಟುವ ಕಲ್ಲುಕಂಬದ ಕೆಲಸವೂ ಇಲ್ಲಿ ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಂಗಾರದೊಡ್ಡಿ ನಾಲೆಯ ನೀರನ್ನು ಕಲ್ಲುಕಂಬಗಳ ಮೇಲ್ಗಾಲುವೆಯಲ್ಲಿ ಕಾವೇರಿಯ ಕವಲಿನ ಮೇಲೆಯೇ ಹಾಯಿಸಿ ದ್ವೀಪಕ್ಕೆ ತಂದಿದ್ದರು. ನದಿಯ ಮೇಲೆ ನದಿ ಹರಿಸಿದ ಊರು ಇದು.

ಆದರೆ ಈ ರೀತಿಗೆ ಒಂದು ಕಟ್ಟುಪಾಡು ಇದೆ. ಕಲ್ಲು ಅದುಮಿಸಿಕೊಳ್ಳುವುದರಲ್ಲಿ ಗಟ್ಟಿ, ಎಳೆಸಿಕೊಳ್ಳುವುದರಲ್ಲಿ ಬಡಕಲು. ಎರಡು ಕಂಬದ ಮೇಲೆ ತೊಲೆಗಲ್ಲು ಮಲಗಿಸಿ ಮೇಲೆ ಭಾರ ಹೇರಿದರೆ ಅದರ ಮೇಲುಮೈ ಅದುಮಿಸಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಬಿರುಕು ಹುಟ್ಟುವುದು ಯಾವಾಗಲೂ ಆ ಕೆಳಮೈಯಲ್ಲೇ. ತೊಲೆ ಉದ್ದವಾದಷ್ಟೂ ಅಪಾಯ. ಹೀಗಾಗಿ ಕಂಬಗಳು ಒತ್ತೊತ್ತಾಗಿ ನಿಲ್ಲಲೇಬೇಕು. ಒತ್ತೊತ್ತಾಗಿ ನಿಂತ ಕಂಬಗಳು ಪ್ರವಾಹಕ್ಕೆ ಅಡ್ಡಗೋಡೆ. ಬುಡಸಹಿತ ತೇಲಿಬಂದ ಮರ ಕಂಬಗಳ ನಡುವೆ ಸಿಕ್ಕಿಕೊಂಡರೆ ಹಿಂದೆ ನೀರು ಏರುತ್ತದೆ, ಪಕ್ಕಕ್ಕೆ ನುಗ್ಗುತ್ತದೆ.

ಕ್ಯಾಪ್ಟನ್ ಥಾಮಸ್ ಫಿಯೊಟ್ ಡಿ ಹ್ಯಾವಿಲೆಂಡ್ ಕೈಹಾಕಿದ್ದು ಈ ತೊಡಕಿಗೆ. 1775ರಲ್ಲಿ ಇಂಗ್ಲಿಷ್ ಕಾಲುವೆಯ ಗರ್ನ್ಸಿ ದ್ವೀಪದಲ್ಲಿ ಹುಟ್ಟಿದವನು, ಮದರಾಸು ಸೈನ್ಯದ ಎಂಜಿನಿಯರ್. ಶ್ರೀರಂಗಪಟ್ಟಣದಲ್ಲಿದ್ದಾಗ ಅವನು ಮುಂದಿಟ್ಟ ಸಲಹೆ ಇಷ್ಟು: ಕಾವೇರಿಗೆ ನೂರಡಿಗೂ ಮಿಗಿಲಾದ ಹರವಿನ ಐದೇ ಐದು ಇಟ್ಟಿಗೆ ಕಮಾನುಗಳ ಸೇತುವೆ. ಐದು ಕಮಾನು ಎಂದರೆ ಹೊಳೆಯ ನಡುವೆ ನಾಲ್ಕೇ ಕಾಲುಗಳು. ನೀರಿಗೆ ದಾರಿ ಬಿಟ್ಟಂತಾಯಿತು, ದಡಗಳು ತಗ್ಗಾಗಿರುವ ಕಡೆ ಗಾಡಿಗೆ ಏರು ತಪ್ಪಿಸಿದಂತೆಯೂ ಆಯಿತು. ಪ್ಯಾರಿಸ್ ಬಳಿಯ ನ್ಯೂಯಿಯಲ್ಲಿ ಫ್ರೆಂಚ್ ಎಂಜಿನಿಯರ್ ಪೆರೋನೆ 1774ರಲ್ಲಿ ಮುಗಿಸಿದ ಸೇತುವೆಗೂ ಐದೇ ಕಮಾನು, ಒಂದೊಂದೂ 120 ಫ್ರೆಂಚ್ ಅಡಿ. ಅದರ ಆಧಾರದ ಮರದ ಚೌಕಟ್ಟು ಕಳಚುವ ದಿನ ಖುದ್ದು ಹದಿನೈದನೆಯ ಲೂಯಿ ದೊರೆ ನೋಡಲು ಬಂದಿದ್ದ. ಅದು ಕಲ್ಲಿನ ಸೇತುವೆ. ಅಷ್ಟೇ ದೊಡ್ಡದನ್ನು ಇಟ್ಟಿಗೆಯಲ್ಲಿ, ಅದೂ ಕಾವೇರಿಯ ಮೇಲೆ ಎಂದರೆ ಯಾರು ನಂಬಬೇಕು? ನಂಬಲಿಲ್ಲ. ನಕ್ಕರು.

ಆಗ ಅವನು ಐದರಲ್ಲಿ ಒಂದನ್ನು ಕಟ್ಟಿಯೇ ತೋರಿಸಿದ.

ಅದು ಎಷ್ಟು ದೊಡ್ಡ ಕೆಲಸ ಎಂದು ಅರ್ಥವಾಗಬೇಕಾದರೆ ಚಪ್ಪಟೆ ಕಮಾನಿನ ಸ್ವಭಾವ ತಿಳಿಯಬೇಕು. ಕೊರಳ ಸರವನ್ನು ಎರಡು ಕೈಯಲ್ಲಿ ಹಿಡಿದು ಜೋತುಬಿಡಿ. ಕೈಗಳು ಹತ್ತಿರವಿದ್ದಾಗ ಸರ ಆಳಕ್ಕೆ ಇಳಿಯುತ್ತದೆ, ಬೆರಳಿಗೆ ಎಳೆತ ಗೊತ್ತೇ ಆಗುವುದಿಲ್ಲ. ಕೈಗಳನ್ನು ದೂರ ಸರಿಸುತ್ತ ಹೋದಂತೆ ಸರ ಚಪ್ಪಟೆಯಾಗುತ್ತದೆ, ಎಳೆತ ಹೆಚ್ಚುತ್ತದೆ. ಪೂರ್ತಿ ನೇರ ಮಾಡುತ್ತೇನೆಂದು ಹೊರಟರೆ ಸರವೇ ಹರಿದೀತು. ಇಂಗ್ಲೆಂಡಿನ ರಾಬರ್ಟ್ ಹುಕ್ 1670ರ ದಶಕದಲ್ಲಿ ಕಂಡುಕೊಂಡ ಗುಟ್ಟು ಇದೇ. ಜೋತ ಸರದ ಆಕಾರವನ್ನು ತಲೆಕೆಳಗು ಮಾಡಿದರೆ ಅದೇ ಕಮಾನು. ಸರದಲ್ಲಿ ಎಳೆತ ಇದ್ದಲ್ಲೆಲ್ಲ ಕಮಾನಿನಲ್ಲಿ ನೂಕು ಇರುತ್ತದೆ. ಏರು ಅರ್ಧಕ್ಕೆ ಇಳಿದರೆ ಬದಿಯ ನೂಕು ಇಮ್ಮಡಿ. ಹರವು ಇಮ್ಮಡಿಯಾಗಿ ಏರು ಅಷ್ಟೇ ಉಳಿದರೆ ನೂಕು ನಾಲ್ಕು ಪಟ್ಟು. ಹಾಗಾಗಿ ಚಪ್ಪಟೆ ಕಮಾನಿನ ಜೀವವೆಲ್ಲ ಅದರ ಎರಡು ತುದಿಗಳಲ್ಲಿದೆ. ತುದಿಯ ಕಟ್ಟಡ ಒಂದೆರಡು ಅಂಗುಲ ಹಿಂದೆ ಸರಿದರೂ ನಡು ಕುಗ್ಗುತ್ತದೆ, ಕುಗ್ಗಿದಷ್ಟೂ ಇನ್ನಷ್ಟು ನೂಕುತ್ತದೆ.

ಇಟ್ಟಿಗೆಯಲ್ಲಾದರೆ ಮತ್ತೊಂದು ಕಷ್ಟ. ಕಲ್ಲುಗಳನ್ನು ಕೂದಲೆಳೆಯಷ್ಟು ಸಂದಿ ಬಿಟ್ಟು ಕೂಡಿಸಬಹುದು. ಇಟ್ಟಿಗೆಗೆ ಸಾಲು ಸಾಲಿಗೂ ಗಾರೆ ಬೇಕು. ಸಿಮೆಂಟು ಇಲ್ಲದ ಕಾಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಅಥವಾ ಇಟ್ಟಿಗೆ ಪುಡಿ ಸೇರಿಸಿ, ಎತ್ತು ಎಳೆಯುವ ಗಾರೆ ಗಾಣದಲ್ಲಿ ನುಣ್ಣಗೆ ಅರೆಯಬೇಕು. ವೃತ್ತಾಕಾರದ ಕಲ್ಲಿನ ಕಾಲುವೆಯಲ್ಲಿ ಗುಂಡು ಉರುಳುತ್ತಿರುತ್ತದೆ, ಎತ್ತು ಸುತ್ತುತ್ತಿರುತ್ತದೆ, ಒಬ್ಬ ಹಿಂದಿನಿಂದ ಸಲಿಕೆಯಲ್ಲಿ ಗಾರೆಯನ್ನು ಮಗುಚುತ್ತಿರುತ್ತಾನೆ. ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ಪಾಕ ಬೆರೆಸುವುದು ದಕ್ಷಿಣದ ಗಾರೆ ಕೆಲಸದವರ ಹಳೆಯ ವಿದ್ಯೆ. ಬೆರಳಿಗೆ ಬೆಣ್ಣೆಯಂತೆ ಹತ್ತಿದಾಗ ಗಾರೆ ಹದಕ್ಕೆ ಬಂದಂತೆ. ಇಷ್ಟಾದರೂ ಸುಣ್ಣದ ಗಾರೆ ನಿಧಾನಸ್ಥ. ಒಳಗಿನ ಪದರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಇಡೀ ಕಮಾನು ಆಧಾರದ ಮರದ ಚೌಕಟ್ಟಿನ (ಸೆಂಟ್ರಿಂಗ್) ಮೇಲೆ ಮಲಗಿರಬೇಕು. ಬೇಗ ಕಳಚಿದರೆ ಹಸಿ ಗಾರೆ ಹಿಸುಕಿಕೊಂಡು ನಡು ಇಳಿಯುತ್ತದೆ. ಕಳಚುವಾಗಲೂ ಎರಡು ಬದಿಯಲ್ಲಿ ಸಮಸಮವಾಗಿ, ತುಸುತುಸುವೇ ಸಡಿಲಿಸಬೇಕು. ಎಡಗಡೆ ಮೊದಲು ಸಡಿಲಾಗಿ ಬಲಗಡೆ ಬಿಗಿಯಾಗಿ ಉಳಿದರೆ ಕಮಾನು ಒಂದು ಬದಿಗೆ ವಾಲಿ ಒಡೆಯುತ್ತದೆ. ಸಾವಿರಾರು ಇಟ್ಟಿಗೆಯನ್ನು ಒಂದೇ ಬಾಗಿನಲ್ಲಿ ಕೂರಿಸಿದ ಕೈಗಳು ಯಾವ ಹಳ್ಳಿಯವು, ಯಾರ ಮನೆಯವು ಎಂಬುದು ದಾಖಲೆಯಲ್ಲಿ ಇಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಮಸೀದಿ, ಗುಂಬಜ್, ಕೋಟೆಬಾಗಿಲುಗಳ ಕಮಾನು ಕಟ್ಟಿದ ಗಾರೆ ಕೆಲಸದವರ ತಲೆಮಾರು ಆಗ ಇನ್ನೂ ಈ ದ್ವೀಪದ ಆಸುಪಾಸಿನಲ್ಲೇ ಇದ್ದಿರಬೇಕು ಎಂದು ನನಗನ್ನಿಸುತ್ತದೆ. ಗುಂಬಜ್ ಕಟ್ಟಿ ಮುಗಿದು ಆಗ ಕಾಲು ಶತಮಾನವಷ್ಟೇ ಆಗಿತ್ತು. ಲೆಕ್ಕ ಗರ್ನ್ಸಿಯವನದಾದರೂ ಕೈ ನಮ್ಮವರದು.

ಕಮಾನು ನಿಂತಿತು. 112 ಅಡಿ, ನಡುವೆ ಒಂದು ಆಸರೆಯೂ ಇಲ್ಲ. ಮೇಲೆ ನಡೆದುಹೋಗಬಹುದಿತ್ತು. ನಡುವೆ ನಿಂತು ಜಿಗಿದರೆ ಇಡೀ ಕಮಾನು ಅದುರುವುದು ಕಾಲಿಗೆ ಗೊತ್ತಾಗುತ್ತಿತ್ತು ಎಂದು ಹಿಂದಿನ ಪ್ರವಾಸಿಗರು ಬರೆದಿದ್ದಾರೆ. ಆ ಅದುರು ದೋಷವಲ್ಲ. ಅಷ್ಟು ತೆಳುವಾಗಿ, ಅಷ್ಟು ಹರವಿಗೆ ಕಟ್ಟಿದ ಯಾವ ಕಮಾನಾದರೂ ತುಸು ಸ್ಪಂದಿಸುತ್ತದೆ. ಸುಣ್ಣದ ಗಾರೆಯ ಗುಣವೇ ಅದು, ಸಿಮೆಂಟಿನಂತೆ ಬಿರುಸಾಗಿ ಸಿಡಿಯದೆ ಬಾಗಿಕೊಳ್ಳುವುದು. ಅದುರುತ್ತಲೇ ಅದು ನೂರಿಪ್ಪತ್ತು ವರ್ಷಕ್ಕೂ ಮೇಲೆ ನಿಂತಿತು.

ಈ ಸಾಧನೆಯ ತೂಕ ತಿಳಿಯಲು ಇಂಗ್ಲೆಂಡಿನ ಕಡೆ ಒಮ್ಮೆ ನೋಡಬೇಕು. ಇಸಂಬಾರ್ಡ್ ಬ್ರೂನೆಲ್ ಥೇಮ್ಸ್ ನದಿಗೆ ಮೇಡನ್‌ಹೆಡ್‌ನಲ್ಲಿ ರೈಲು ಸೇತುವೆ ಕಟ್ಟಿದ್ದು 1838ರಲ್ಲಿ. ಎರಡು ಇಟ್ಟಿಗೆ ಕಮಾನು, ಒಂದೊಂದಕ್ಕೂ 128 ಅಡಿ ಹರವು, ಸುಮಾರು 24 ಅಡಿ ಏರು. ಇಷ್ಟು ಚಪ್ಪಟೆ ಇಟ್ಟಿಗೆ ಕಮಾನು ರೈಲಿನ ಭಾರ ತಡೆಯುವುದಿಲ್ಲ, ಬಿದ್ದೇ ಬೀಳುತ್ತದೆ ಎಂದು ಅಂದಿನ ಪಂಡಿತರು ಭವಿಷ್ಯ ಹೇಳಿದರು. ಬೀಳಲಿಲ್ಲ, ಇವತ್ತಿಗೂ ರೈಲು ಓಡುತ್ತಿದೆ, ಎಂಜಿನಿಯರಿಂಗ್ ಪುಸ್ತಕಗಳಲ್ಲೆಲ್ಲ ಅದರ ಚಿತ್ರವಿದೆ. ಅದಕ್ಕೆ ಮೂವತ್ತು ವರ್ಷ ಮೊದಲೇ, ಅದಕ್ಕಿಂತ 16 ಅಡಿ ಮಾತ್ರ ಕಿರಿದಾದ ಇಟ್ಟಿಗೆ ಕಮಾನು ಕಾವೇರಿಯ ದ್ವೀಪದಲ್ಲಿ ನಿಂತಿತ್ತು. ಬ್ರೂನೆಲ್ ಆಗ ಎರಡು ವರ್ಷದ ಕೂಸು.

ಇಷ್ಟು ಮಾಡಿ ತೋರಿಸಿದ ಮೇಲೆ ಸೇತುವೆ ಏಕೆ ಬರಲಿಲ್ಲ? ಮರು ವರ್ಷವೇ ಊರು ಹೊತ್ತಿಕೊಂಡಿತು. 1809ರಲ್ಲಿ ಮದರಾಸಿನ ಗವರ್ನರ್ ಜಾರ್ಜ್ ಬಾರ್ಲೋನ ಉಳಿತಾಯದ ಕ್ರಮಗಳ ವಿರುದ್ಧ ಕಂಪನಿ ಸೈನ್ಯದ ಬಿಳಿಯ ಅಧಿಕಾರಿಗಳೇ ದಂಗೆಯೆದ್ದರು. ಗುಡಾರದ ಭತ್ಯೆ ಕಿತ್ತುಕೊಂಡದ್ದು ಕಿಡಿ. ಶ್ರೀರಂಗಪಟ್ಟಣದ ಕೋಟೆ ದಂಗೆಕೋರರ ಕೈಗೆ ಹೋಯಿತು. ಅವರಿಗೆ ಬೆಂಬಲವಾಗಿ ಚಿತ್ರದುರ್ಗದಿಂದ ಹೊರಟ ಎರಡು ಪಲ್ಟನ್‌ಗಳನ್ನು ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣದ ಹತ್ತಿರ ಸರ್ಕಾರದ ಪಡೆ ಅಡ್ಡಗಟ್ಟಿತು. ಆ ಪಡೆಯ ಜೊತೆ ಪೂರ್ಣಯ್ಯನವರು ಕಳಿಸಿದ ಮೈಸೂರು ಸವಾರರೂ ಇದ್ದರು. ಅದೇ ತಿಂಗಳಲ್ಲಿ ಕೋಟೆ ಶರಣಾಯಿತು. ದಂಗೆಯ ಕಡೆ ನಿಂತಿದ್ದವರಲ್ಲಿ ಡಿ ಹ್ಯಾವಿಲೆಂಡ್ ಕೂಡ ಒಬ್ಬ. ಅವನನ್ನು ಕೆಲಸದಿಂದ ಕಿತ್ತುಹಾಕಿದರು. ಆ ಹೊತ್ತಿಗೇ ಕಂಪನಿಗೆ ಶ್ರೀರಂಗಪಟ್ಟಣವೂ ಸಾಕಾಗಿತ್ತು. ಇಲ್ಲಿಯ ಜ್ವರಕ್ಕೆ ಸಿಪಾಯಿ, ಸೋಲ್ಜರು ಎನ್ನದೆ ಸಾಯುತ್ತಿದ್ದರು. ದಂಡು ಬೆಂಗಳೂರಿಗೆ ಸಾಗಿತು. ಪೂರ್ಣಯ್ಯನವರು 1811ರಲ್ಲಿ ಅಧಿಕಾರ ಬಿಟ್ಟು ಮರುವರ್ಷ ತೀರಿಕೊಂಡರು. ಸೇತುವೆ ಬೇಕೆನ್ನುವವರೂ ಇಲ್ಲ, ಕಟ್ಟುವವನೂ ಇಲ್ಲ. ಕಮಾನು ಒಂಟಿಯಾಯಿತು.

ನಕ್ಕವರನ್ನು ಪೂರ್ತಿ ದಡ್ಡರೆನ್ನಲೂ ನನಗೆ ಮನಸ್ಸಿಲ್ಲ. ಒಣ ನೆಲದ ಮೇಲಿನ ಒಂದು ಕಮಾನು ಕಮಾನಿನ ಬಲವನ್ನು ಸಾಬೀತು ಮಾಡಿತು, ಸೇತುವೆಯ ಬಲವನ್ನಲ್ಲ. ಅದರ ಎರಡು ತುದಿಯೂ ಗಟ್ಟಿ ನೆಲಕ್ಕೆ ಒತ್ತಿಕೊಂಡಿದ್ದವು. ಹೊಳೆಯಲ್ಲಿ ಐದು ಕಮಾನು ಸಾಲಾಗಿ ನಿಂತಾಗ ನಡುವಿನ ಕಾಲುಗಳಿಗೆ ಆ ಗಟ್ಟಿ ನೆಲ ಇರುವುದಿಲ್ಲ. ಎಡದ ಕಮಾನಿನ ನೂಕನ್ನು ಬಲದ ಕಮಾನಿನ ನೂಕೇ ಸರಿದೂಗಿಸಬೇಕು. ಪ್ರವಾಹದಲ್ಲಿ ಒಂದು ಕಾಲಿನ ಬುಡ ಕೊರೆದು ಒಂದು ಕಮಾನು ಬಿದ್ದರೆ ಪಕ್ಕದ್ದಕ್ಕೆ ಎದುರು ನೂಕು ತಪ್ಪಿ ಅದೂ ಬೀಳುತ್ತದೆ, ಅದರ ಹಿಂದೆ ಇನ್ನೊಂದು. ಪೂರ್ಣಯ್ಯನವರ ಸೇತುವೆಯಲ್ಲಿ ಒಂದು ಕಂಬ ಮುರಿದರೆ ಆ ಒಂದು ಅಂಕಣ ಮಾತ್ರ ಕುಸಿಯುತ್ತದೆ, ಮುಂದಿನ ಬೇಸಿಗೆಯಲ್ಲಿ ಊರಿನ ಕಲ್ಲುಕುಟಿಗರೇ ಹೊಸ ಕಂಬ ನಿಲ್ಲಿಸಬಹುದು. ದುರಸ್ತಿ ಸುಲಭವಾದದ್ದೇ ಹೆಚ್ಚು ಕಾಲ ಬಾಳುತ್ತದೆ. 1924ರ ಜುಲೈನಲ್ಲಿ ಕಾವೇರಿ ಕಂಡ ಮಹಾಪ್ರವಾಹವನ್ನೂ ಆ ಕಲ್ಲು ಸೇತುವೆ ದಾಟಿ ಬಂದಿದೆ. ಹಾಗಾಗಿ ಆ ಕಾಲಕ್ಕೆ, ಆ ಹೊಳೆಗೆ ಪೂರ್ಣಯ್ಯನವರ ಆಯ್ಕೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಎಂಜಿನಿಯರಿಂಗ್ ಮುಂದೆ ಹೋದದ್ದು ಡಿ ಹ್ಯಾವಿಲೆಂಡ್ ಹಿಡಿದ ದಾರಿಯಲ್ಲಿ.

ಆ ದಾರಿಯಲ್ಲಿ ಮೊದಲು ಹೋದವನು ಅವನೇ. 1812ರಲ್ಲಿ ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡರು. ಮದರಾಸಿನ ಎಗ್ಮೋರಿನಲ್ಲಿರುವ ಸೇಂಟ್ ಆಂಡ್ರೂಸ್ ಚರ್ಚು ಅವನ ದೊಡ್ಡ ಕೆಲಸ; 1818ರಲ್ಲಿ ಶುರುವಾಗಿ 1821ರಲ್ಲಿ ಮುಗಿಯಿತು. ಜೌಗು ನೆಲದಲ್ಲಿ ಬಾವಿಗಳನ್ನು ಇಳಿಸಿ ಅವುಗಳ ಮೇಲೆ ಅಡಿಪಾಯ ಹಾಕಿದ. ಮೇಲೆ ಹದಿನಾರು ಕಂಬಗಳ ಸುತ್ತಿನ ಮೇಲೆ ಸುಮಾರು 50 ಅಡಿ ವ್ಯಾಸದ ಇಟ್ಟಿಗೆ ಗುಮ್ಮಟ. ಒಳಮೈಗೆ ನೀಲಿ ಬಣ್ಣ, ನಕ್ಷತ್ರಗಳು. ಕಮಾನನ್ನು ಅದರ ನಡುವಿನ ಸುತ್ತ ತಿರುಗಿಸಿದರೆ ಗುಮ್ಮಟವಾಗುತ್ತದೆ. ಶ್ರೀರಂಗಪಟ್ಟಣದಲ್ಲಿ ಪಳಗಿದ ಕೈ ಮದರಾಸಿನಲ್ಲಿ ಅದನ್ನೇ ಮಾಡಿತು. ಮೈಸೂರಿನ ಗವರ್ನಮೆಂಟ್ ಹೌಸಿನಲ್ಲಿ ಕಂಬವೇ ಇಲ್ಲದ ದೊಡ್ಡ ಔತಣ ಮಂದಿರವಿದೆಯಲ್ಲ, ಅದೂ ಇವನದೇ. ಅದರ ಛಾವಣಿಯ ಅಡಿಯಲ್ಲಿ ಓಡಾಡಿದವರಿಗೆ ಈ ಮನುಷ್ಯ ಕಂಬಗಳೊಡನೆ ಹೂಡಿದ್ದ ಜಗಳ ಎಂಥದ್ದೆಂದು ಗೊತ್ತಾಗುತ್ತದೆ. 1866ರಲ್ಲಿ ತನ್ನ ಹುಟ್ಟೂರಾದ ಗರ್ನ್ಸಿಯಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡ. ಆಗಲೂ ಅವನ ಕಮಾನು ಶ್ರೀರಂಗಪಟ್ಟಣದಲ್ಲಿ ನಿಂತೇ ಇತ್ತು.

ಅದು ಬಿದ್ದ 1930ರ ದಶಕದ ಆರಂಭಕ್ಕೇ ಸ್ವಲ್ಪ ದೂರದಲ್ಲಿ ಕನ್ನಂಬಾಡಿ ಕಟ್ಟೆ ಮೇಲೆದ್ದಿತ್ತು. ವಿಶ್ವೇಶ್ವರಯ್ಯನವರು 1911ರಲ್ಲಿ ಶುರುಮಾಡಿಸಿದ ಆ ಅಣೆಕಟ್ಟಿಗೂ ಸಿಮೆಂಟು ಹಾಕಲಿಲ್ಲ, ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಲ್ಲೇ ಕಟ್ಟಿದರು. ಅದೇ ಸುಣ್ಣದ ವಿದ್ಯೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿತು. ನಂತರ ಸಿಮೆಂಟು ಬಂತು, ಗಾರೆ ಗಾಣದ ಕಲ್ಲುಗಳು ಹಿತ್ತಲು ಸೇರಿದವು.

ಝಾವೋಝೌ ಸೇತುವೆಯ ಕತೆ ಬೇರೆಯಾಯಿತು. ಲಿಯಾಂಗ್ ಅಳೆದು ಬರೆದು ಪ್ರಕಟಿಸಿದ ಮೇಲೆ ಅದಕ್ಕೆ ವಾರಸುದಾರರು ಹುಟ್ಟಿಕೊಂಡರು. 1950ರ ದಶಕದಲ್ಲಿ ಸವೆದ ಕಲ್ಲು ತೆಗೆದು ದುರಸ್ತಿ ಮಾಡಿದರು. 1966ರಲ್ಲಿ ಸಿಂಗ್‌ತಾಯ್ ಭೂಕಂಪ ಹತ್ತಿರದಲ್ಲೇ ಆದಾಗಲೂ ಅದು ಉಳಿಯಿತು. 1991ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅದನ್ನು ಜಗತ್ತಿನ ಚಾರಿತ್ರಿಕ ಎಂಜಿನಿಯರಿಂಗ್ ಸ್ಮಾರಕಗಳಲ್ಲಿ ಒಂದೆಂದು ಸಾರಿತು. ಸಾವಿರದ ನಾನ್ನೂರು ವರ್ಷದ ಕಲ್ಲು ಉಳಿಯಲು ಬೇಕಾದದ್ದು ಒಬ್ಬ ಮನುಷ್ಯ ಜನರ ಮಾತನ್ನು ನಂಬಿ ಅಳತೆಪಟ್ಟಿ ಹಿಡಿದು ಹೋಗುವುದು.

ನಮಗೆ ವೆಲ್ಲೆಸ್ಲಿ ಸೇತುವೆಯಾದರೂ ಇದೆ. ಕಟ್ಟೆಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟ ವರ್ಷ ಕೆಂಪು ನೀರು ಅದರ ಹಾಸುಗಲ್ಲಿಗೆ ಸೋಕುವಷ್ಟು ಏರುತ್ತದೆ, ಕೈಪಿಡಿಗಲ್ಲುಗಳು ಅಲ್ಲಲ್ಲಿ ಕಳಚುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಸಿವಿಲ್ ವಿದ್ಯಾರ್ಥಿಗಳನ್ನು ಒಂದು ಬೇಸಿಗೆ ಅದರ ಅಡಿಗೆ ಇಳಿಸಿ ಕಂಬ ಕಂಬವನ್ನೂ ಎಣಿಸಿ, ಅಳೆದು, ನಕ್ಷೆ ಬರೆಸಬೇಕು. ಬಂಗಾರದೊಡ್ಡಿ ಮೇಲ್ಗಾಲುವೆಗೂ ಅದೇ ಆಗಬೇಕು.

ಬಿದ್ದ ಕಮಾನಿಗೆ ಉಳಿದಿರುವುದು ಚಿತ್ರಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಫೋಟೊ ತೆಗೆದವರಿದ್ದಾರೆ. ಆ ಚಿತ್ರಗಳು ಹೆಚ್ಚಾಗಿ ಕಡಲಾಚೆಯ ಸಂಗ್ರಹಗಳಲ್ಲಿವೆ. 1930ರ ದಶಕಕ್ಕೂ ಮುಂಚೆ ಶ್ರೀರಂಗಪಟ್ಟಣಕ್ಕೆ ಯಾತ್ರೆ, ಪ್ರವಾಸ, ಮದುವೆ ಎಂದು ಬಂದು ಫೋಟೊ ತೆಗೆಸಿಕೊಂಡ ಕುಟುಂಬಗಳು ಮೈಸೂರು, ಮಂಡ್ಯ, ಬೆಂಗಳೂರಿನಲ್ಲಿ ಎಷ್ಟೋ ಇವೆ. ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥ ಆಲ್ಬಂ ಇದ್ದರೆ ದಯವಿಟ್ಟು ಒಮ್ಮೆ ತೆರೆದು ನೋಡಿ. ಅಜ್ಜ ಅಜ್ಜಿಯರ ಹಿಂದೆ ಉದ್ದನೆಯ, ಚಪ್ಪಟೆಯಾದ ಇಟ್ಟಿಗೆ ಕಮಾನು ಕಂಡರೆ, ಫೋಟೊದ ಹಿಂಬದಿಯಲ್ಲಿ ಇಸವಿ ಬರೆದಿದ್ದರೆ ಅದನ್ನೂ ಸೇರಿಸಿ, ಒಂದು ಪ್ರತಿಯನ್ನು ಮೈಸೂರಿನ ಪುರಾತತ್ವ ಇಲಾಖೆಗೆ ತಲುಪಿಸಿ.